ಅಪ್ಪ ನಡೆಯುವಾಗ ಕೈಯ ಬ್ಯಾಂಡ್ ನಾಡಿ 58 ತೋರಿಸುತ್ತದೆ, ಮರುನಿಮಿಷ 131. ವ್ಯಾಯಾಮ ಮುಂದುವರಿಸಬಹುದಾ?

ಪೆರ್ಲದವ:
ಅಪ್ಪನಿಗೆ 76 ವರ್ಷ. ಹಾರ್ಟ್ ಫೇಲ್ಯೂರ್, ಹೃದಯದ ಪಂಪಿಂಗ್ 30 ಪರ್ಸೆಂಟ್. ಜೊತೆಗೆ ನಾಡಿ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಬೇರೆ. ಮೆಟೊಪ್ರೊಲಾಲ್ ಮತ್ತು ಮೈಯ ನೀರು ಇಳಿಸುವ ಮಾತ್ರೆ ನಡೆಯುತ್ತಿದೆ. ಆಸ್ಪತ್ರೆಯಿಂದ ಬಂದಾಗ ತುಂಬಾ ಸೊರಗಿದ್ದರು, ಈಗ ವಾಕರ್ ಹಿಡಿದು ಚಾವಡಿಯಲ್ಲಿ ನಡೆಯುತ್ತಾರೆ. ವಾರವಾರ ಮಂಗಳೂರಿಗೆ ಹೋಗಿ ಬರುವ ತ್ರಾಣ ಇಲ್ಲ. ಹಾಗಾಗಿ ಫಿಸಿಯೋ ವೀಡಿಯೋ ಕಾಲ್‌ನಲ್ಲಿ ವ್ಯಾಯಾಮ ಮಾಡಿಸುತ್ತಾರೆ. ಉಳಿದ ದಿನ ಆ್ಯಪ್.

ಈ ಆ್ಯಪ್‌ನದ್ದೇ ತಲೆನೋವು. ಬ್ಯಾಂಡ್‌ನಲ್ಲಿ 58 ಬಂದರೆ "ಗುರಿ ಮುಟ್ಟಿಲ್ಲ, ವೇಗ ಹೆಚ್ಚಿಸಿ" ಅನ್ನುತ್ತದೆ. ಒಮ್ಮೆಲೇ 131 ಆಗಿ ಕೆಂಪು ಬಣ್ಣ ಬರುತ್ತದೆ. ಅಪ್ಪ ಅಲ್ಲೇ ಹೆದರಿ ಕೂತುಬಿಡುತ್ತಾರೆ. ಅದು ಮಾತಾಡುವುದೂ ಇಂಗ್ಲಿಷ್, ಮಲಯಾಳದಲ್ಲಿ ಮಾತ್ರ. ವೀಡಿಯೋ ನಡುವೆ ನಿಂತುಹೋಗುತ್ತದೆ. ತೂಕದ ಮಿಷನ್ ಕೂಡ ಒಂದೇ ಬೆಳಿಗ್ಗೆ ಎರಡು ಲೆಕ್ಕ ಕೊಡುತ್ತದೆ. ಬ್ಯಾಂಡ್ ಬದಲಿಸಬೇಕಾ?

ಮೊಬೈಲ್ ರಿಪೇರಿ, ಬದಿಯಡ್ಕ:
ಬ್ಯಾಂಡ್ ಬದಲಿಸಬೇಡಿ, ಸುಮ್ನೆ ದುಡ್ಡು ದಂಡ. ಅದು ಹಸಿರು ಬೆಳಕು ಬಿಟ್ಟು ಚರ್ಮದಡಿಯ ರಕ್ತದ ಏರಿಳಿತ ನೋಡುತ್ತದೆ, ಅಷ್ಟೇ. ವಾಕರ್ ಒತ್ತಿ ಹಿಡಿದಾಗ ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಆಗ ಸೆನ್ಸರ್‌ಗೂ ಚರ್ಮಕ್ಕೂ ನಡುವೆ ಸಂದು ಬಿದ್ದು ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಎಲುಬಿಗಿಂತ ಎರಡು ಬೆರಳು ಮೇಲೆ ಕಟ್ಟಿ. ಅಲುಗಾಡಬಾರದು, ಗುರುತು ಬೀಳುವಷ್ಟು ಬಿಗಿಯೂ ಬೇಡ. ಕೈ ತಣ್ಣಗಿದ್ದರೆ ಮೊದಲು ಉಜ್ಜಿ ಬೆಚ್ಚಗೆ ಮಾಡಿ.

ವೀಡಿಯೋ ನಿಲ್ಲುವುದು ಗಡಿಯ ಕಾಯಿಲೆ ಇರಬಹುದು. ನಿಮ್ಮ ಕಡೆ ಫೋನ್ ಒಮ್ಮೆ ಕೇರಳದ ಟವರ್ ಹಿಡಿಯುತ್ತದೆ, ಒಮ್ಮೆ ಕರ್ನಾಟಕದ್ದು. ಸೆಟ್ಟಿಂಗ್‌ನಲ್ಲಿ ಆಟೋಮ್ಯಾಟಿಕ್ ನೆಟ್‌ವರ್ಕ್ ಆಫ್ ಮಾಡಿ, ಚಾವಡಿಯಲ್ಲಿ ಯಾವುದು ಗಟ್ಟಿ ಸಿಗುತ್ತದೋ ಅದನ್ನೇ ಆರಿಸಿ. ರೋಮಿಂಗ್ ಡೇಟಾ ಆನ್ ಇರಲಿ. ಆ್ಯಪ್‌ಗೆ ಬ್ಯಾಟರಿ ಉಳಿತಾಯ ತೆಗೆಯಿರಿ, ಇಲ್ಲದಿದ್ದರೆ ಸ್ಕ್ರೀನ್ ಆರಿದ ಕೂಡಲೇ ಬ್ಲೂಟೂತ್ ಕಡಿಯಬಹುದು.

ಫಿಸಿಯೋ ಅಕ್ಕ:
ಮೇಲಿನ ಅಣ್ಣ ಹೇಳಿದ್ದು ಸರಿ. ಆದರೆ ಬ್ಯಾಂಡ್ ಸರಿಯಾದ ಮೇಲೂ ಆ ಗುರಿ ನಂಬಬೇಡಿ. ತುಂಬಾ ಆ್ಯಪ್‌ಗಳು 220ರಿಂದ ವಯಸ್ಸು ಕಳೆದು ಗುರಿ ಹಾಕುತ್ತವೆ. ಅಪ್ಪನಿಗೆ 144 ಬರುತ್ತದೆ, ಅದರ 60 ಪರ್ಸೆಂಟ್ ಅಂದರೆ 86. ಮೆಟೊಪ್ರೊಲಾಲ್ ಇರುವುದೇ ನಾಡಿ ಏರದಂತೆ ತಡೆಯಲು. ಮಾತ್ರೆ ತನ್ನ ಕೆಲಸ ಮಾಡುತ್ತಿದ್ದರೆ ಆ್ಯಪ್ ಅದನ್ನೇ ಸೋಮಾರಿತನ ಅಂದುಕೊಳ್ಳುತ್ತದೆ! ಫಿಬ್ರಿಲೇಶನ್‌ನಲ್ಲಿ ಒಂದು ಬಡಿತ ಬೇಗ, ಇನ್ನೊಂದು ತಡ. ಕೆಲವು ಬಡಿತ ಮಣಿಕಟ್ಟಿಗೆ ಮುಟ್ಟುವುದೇ ಇಲ್ಲ. ಆ್ಯಪ್ ಹೇಳಿತು ಅಂತ ಅವಸರ ಮಾಡಿಸಲೇಬೇಡಿ. ಗುರಿ ಆಫ್ ಮಾಡುವ ಆಯ್ಕೆ ಇದ್ದರೆ ಮಾಡಿ. ಹಾಗಂತ ಕೂತು ವಿಶ್ರಾಂತಿ ತೆಗೆದುಕೊಂಡ ಮೇಲೂ, ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿದಾಗಲೂ ನಾಡಿ ನೂರರ ಮೇಲೇ ಇದ್ದರೆ ಡಾಕ್ಟ್ರಿಗೆ ಹೇಳಿ.

ಅಳತೆ ಉಸಿರೇ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಪದ್ಯ ಹಾಡಲು ಕಷ್ಟ ಆಗಬೇಕು. ಎಷ್ಟು ಶ್ರಮ ಅನ್ನಿಸುತ್ತದೆ ಅಂತ ಅಂಕಿ ಕೊಡುವುದಕ್ಕೆ ನಾವು ಬೋರ್ಗ್ ಸ್ಕೇಲ್ ಅನ್ನುತ್ತೇವೆ, 6ರಿಂದ (ಶ್ರಮವೇ ಇಲ್ಲ) 20ರ (ಪೂರ್ತಿ ಶ್ರಮ) ತನಕ. ಇಂಥವರಿಗೆ 11ರಿಂದ 13 ಸಾಕು. ಎದೆನೋವು, ತಲೆತಿರುಗು, ಕಣ್ಣು ಕತ್ತಲೆ ಬಂದರೆ ನಿಲ್ಲಿಸಿ, ಆಸ್ಪತ್ರೆಗೆ ಫೋನ್ ಮಾಡಿ. ಕೂತರೂ ಎದೆನೋವು ಇಳಿಯದಿದ್ದರೆ ಕಾಯಬೇಡಿ, 108.

ಇನ್ನೊಂದು, ಬರೀ ನಡಿಗೆ ಹಿಡಿದು ಕೂರಬೇಡಿ. 2021ರಲ್ಲಿ ಬಂದ ರಿಹ್ಯಾಬ್-ಎಚ್‌ಎಫ್ ಅಧ್ಯಯನದಲ್ಲಿ ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆ ಸೇರಿದ್ದ 349 ಹಿರಿಯರಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ಬಲ, ಸಮತೋಲ, ಓಡಾಟ, ದಮ್ಮು ನಾಲ್ಕನ್ನೂ ಕಲಿಸಿದರು. ಮೂರು ತಿಂಗಳಲ್ಲಿ ಅವರ ಮೈಯ ಓಡಾಟ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿತು. ಮತ್ತೆ ಆಸ್ಪತ್ರೆ ಸೇರುವುದು ಮಾತ್ರ ಅಂಥಾ ಕಡಿಮೆ ಆಗಲಿಲ್ಲ, ಅದನ್ನೂ ಹೇಳಬೇಕಲ್ವಾ. ಆ ತರಬೇತಿ ಹೆಚ್ಚಾಗಿ ಕೇಂದ್ರದಲ್ಲೇ ನಡೆದದ್ದು. ಮನೆಯಲ್ಲಾದರೆ ಗೋಡೆಗೆ ತಾಗಿಸಿಟ್ಟ, ಕೈ ಇರುವ ಕುರ್ಚಿಯಿಂದ ಏಳುವುದು, ಕೂರುವುದೇ ಶುರು. ಎಷ್ಟು ಸಲ ಅಂತ ನಿಮ್ಮ ಫಿಸಿಯೋ ಹೇಳಲಿ. ಆ್ಯಪ್ ಕನ್ನಡ ಮಾತಾಡದಿದ್ದರೆ ನಿಮ್ಮ ದನಿಯಲ್ಲೇ "ಏಳಿ... ನಿಲ್ಲಿ... ಮೆಲ್ಲ ಕೂರಿ" ಅಂತ ರೆಕಾರ್ಡ್ ಮಾಡಿ ಹಾಕಿ.

ತೂಕ ನೋಡುವಾಗ ಅಪ್ಪ ಎಲ್ಲಿ ನಿಲ್ಲುತ್ತಾರೆ, ಏನು ಹಿಡಿಯುತ್ತಾರೆ?

ಪೆರ್ಲದವ:
ಅಕ್ಕ, ಇವತ್ತು ಹತ್ತಿರ ನಿಂತು ನೋಡಿದೆ. ಬಿದ್ದೇನು ಅಂತ ಬಾಗಿಲ ದಾರಂದ ಹಿಡಿದುಕೊಂಡೇ ಮಿಷನ್ ಹತ್ತುತ್ತಾರೆ! ಕೈ ಬಿಟ್ಟರೆ 51.8, ಒತ್ತಿ ಹಿಡಿದರೆ 49ರ ಹತ್ತಿರ. ಮಿಷನ್ ಇರುವುದು ಚಾಪೆಯ ಮೇಲೆ.

ಫಿಸಿಯೋ ಅಕ್ಕ:
ಸಿಕ್ಕಿತಲ್ಲ. ಚಾಪೆ ತೆಗೆದು ಗಟ್ಟಿ ನೆಲದಲ್ಲಿಡಿ. ಹತ್ತುವಾಗ ವಾಕರ್ ಹಿಡಿಯಲಿ, ಹಿಂದೆ ನೀವು ನಿಲ್ಲಿ, ಅಂಕಿ ಬರುವಷ್ಟು ಹೊತ್ತು ಕೈ ಬಿಡಲಿ. ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ಚಾಯ ಕುಡಿಯುವ ಮೊದಲು, ಅದೇ ಬಟ್ಟೆಯಲ್ಲಿ. ಮೂರು ದಿನದೊಳಗೆ 2 ಕಿಲೋ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಲೆಕ್ಕ. ಅದೇ ದಿನ ಡಾಕ್ಟ್ರಿಗೆ ಫೋನ್ ಮಾಡಿ, ಮಾತ್ರೆ ನೀವೇ ಹೆಚ್ಚಿಸಬೇಡಿ. ಕೈ ಬಿಡಲು ಆಗದ ದಿನ ತೂಕ ಬೇಡ. ಕಾಲುಗಂಟಿನ ಮೇಲೆ ಹೆಬ್ಬೆರಳು ಒತ್ತಿ ಗುಳಿ ಬೀಳುತ್ತದಾ ನೋಡಿ, ರಾತ್ರಿ ಮಲಗಿದಾಗ ಉಸಿರು ಕಟ್ಟಿ ದಿಂಬು ಜಾಸ್ತಿ ಬೇಕಾಯಿತಾ ಕೇಳಿ. ಗಂಜಿಗೆ ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದಾರಾ? ಅದನ್ನು ಯಾವ ಆ್ಯಪ್ ಕೂಡ ಕೇಳಲ್ಲ.

ಕುಂಬಳೆ ಸೊಸೆ:
ನಡುವೆ ಬರುತ್ತೇನೆ. ನಮ್ಮ ಮಾವನಿಗೆ ಐಸಿಡಿ ಹಾಕಿದ್ದಾರೆ, ಬಡಿತ ಅಪಾಯಕ್ಕೆ ಏರಿದರೆ ಶಾಕ್ ಕೊಡುವ ಎದೆಯೊಳಗಿನ ಯಂತ್ರ. ಇದೇ ಕ್ರಮ ಸಾಕಾ?

ಫಿಸಿಯೋ ಅಕ್ಕ:
ಡಾಕ್ಟ್ರ ಹತ್ತಿರ ಕೇಳದೆ ಶುರು ಮಾಡಬೇಡಿ. ಐಸಿಡಿ ಎಷ್ಟು ಬಡಿತಕ್ಕೆ ಶಾಕ್ ಕೊಡುವಂತೆ ಇಟ್ಟಿದ್ದಾರೆ ಅಂತ ಬರೆಸಿಕೊಳ್ಳಿ. ವ್ಯಾಯಾಮದ ನಾಡಿ ಅದಕ್ಕಿಂತ 10-20 ಕಡಿಮೆಯೇ ಇರಬೇಕು. ಫೋನ್, ಬ್ಯಾಂಡ್, ಅದರ ಮ್ಯಾಗ್ನೆಟ್ ಚಾರ್ಜರ್ ಐಸಿಡಿಯಿಂದ 15 ಸೆಂಟಿಮೀಟರ್ ದೂರ, ಅಂಗಿಯ ಕಿಸೆಯಲ್ಲಿ ಬೇಡ. ಕೊಬ್ಬು ಅಳೆಯುವ ಹೊಸ ನಮೂನೆ ತೂಕದ ಮಿಷನ್ ಮೈಯೊಳಗೆ ಸಣ್ಣ ಕರೆಂಟ್ ಹಾಯಿಸುತ್ತದೆ. ನಿಮಗೆ ಬರೀ ತೂಕ ತೋರಿಸುವ ಹಳೇ ಮಿಷನ್ನೇ ಸರಿ.