ಸಹಾಯ ಬೇಕು: ಬೈಪಾಸ್ ರಸ್ತೆಗೆ ನಮ್ಮ ತೋಟ ಹೋಗ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಕಡೆ ಹಳ್ಳಿ. ನಮ್ಮ 1 ಎಕರೆ 10 ಗುಂಟೆ ತೆಂಗಿನ ತೋಟ ಬೈಪಾಸ್ ರಸ್ತೆಗೆ ಬೇಕು ಅಂತ ಹೋದ ವಾರ ನೋಟಿಸ್ ಬಂದಿದೆ. 2013ರ ಭೂಸ್ವಾಧೀನ ಕಾಯ್ದೆಯ 11ನೇ ಸೆಕ್ಷನ್ ಅಡಿ ಪ್ರಾಥಮಿಕ ಅಧಿಸೂಚನೆ. ಆಕ್ಷೇಪಣೆಗೆ 60 ದಿನ ಇದೆ.

ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆ, ಪೌತಿ ಖಾತೆ (ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಲ್ಲ. ಈಗ ಅರ್ಜಿ ಕೊಟ್ಟರೆ ಆಗುತ್ತಾ? ಆಕ್ಷೇಪಣೆಗೆ ಅಪ್ಪ, ಚಿಕ್ಕಪ್ಪ, ಅತ್ತೆಯರು ಎಲ್ಲರೂ ಸಹಿ ಹಾಕಬೇಕಾ?

ನೋಟಿಸಿನಲ್ಲಿ ಬರೀ ಖುಷ್ಕಿ (ಮಳೆಯಾಶ್ರಿತ) ಜಮೀನು ಎಂದಿದೆ. ತಾತ ನೆಟ್ಟ 62 ಮರ, ಬೋರ್‌ವೆಲ್, ಯಾವುದರ ಸುದ್ದಿಯೂ ಇಲ್ಲ. ಮರಗಳಿಗೂ ಬೆಲೆ ಕಟ್ಟಬೇಕು ಅಂತ ಕಾಯ್ದೆಯಲ್ಲೇ ಇದೆ ಅಲ್ವಾ? ಅಪ್ಪ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇಂಥ ಆಕ್ಷೇಪಣೆ ಬರೆದು ಅನುಭವ ಇರುವವರು ದಯವಿಟ್ಟು ತಿಳಿಸಿ. ಭೂಸ್ವಾಧೀನ ಕೇಸು ನೋಡುವ ವಕೀಲರಿದ್ದರೂ ಹೇಳಿ.