ತಿಂಗಳುಗಟ್ಟಲೆ ನಿಲ್ಲಿಸೋ ಕ್ಯಾಂಪರ್ ವ್ಯಾನ್ ಒಳಗೆ ಇಲಿ ಸೇರ್ಕೊಂಡಿದೆ, ಏನ್ ಮಾಡೋದು?

ಅಲೆಮಾರಿ_ವ್ಯಾನ್:
ಎಲ್ರಿಗೂ ನಮಸ್ಕಾರ. ನಮ್ಮದು ಮಲಗೋಕೆ ಅಡುಗೆಗೆ ಎಲ್ಲ ಜಾಗ ಇರೋ ಕ್ಯಾಂಪರ್ ವ್ಯಾನ್, ರಜೆ ಟೈಮಲ್ಲಿ ಓಡಿಸ್ತೀವಿ, ಮಿಕ್ಕಿದ್ ಟೈಮೆಲ್ಲ ಶೆಡ್‌ನಲ್ಲಿ ಕವರ್ ಹಾಕಿ ನಿಂತಿರುತ್ತೆ. ಮೊನ್ನೆ ಬಾಗಿಲು ತೆಗೆದ್ರೆ ಉಚ್ಚೆ ವಾಸನೆ, ಸಿಂಕ್ ಕೆಳಗಿನ ಕಬೋರ್ಡ್‌ನಲ್ಲಿ ಅಕ್ಕಿಕಾಳಷ್ಟು ಕಪ್ಪು ಹಿಕ್ಕೆ, ಟಿಶ್ಯೂ ರೋಲ್ ಪೂರ್ತಿ ಚೂರುಚೂರು, ಸೀಟಿನ ಮೂಲೆ ಕೊರೆದು ಸ್ಪಂಜು ಎಳೆದು ಹಾಕಿದೆ. ವೈರ್ ಇನ್ನೂ ಕಡಿದ ಹಾಗೆ ಕಾಣ್ತಿಲ್ಲ ಆದ್ರೆ ಭಯ ಇರೋದೇ ಅದರದ್ದು. ಪುದೀನ ಎಣ್ಣೆ ಅಂತಾರೆ, ನುಸಿ ಗುಳಿಗೆ ಅಂತಾರೆ, ಸೌಂಡ್ ಮಾಡೋ ಮಷೀನು ಅಂತಾರೆ, ಪಾಷಾಣ ಇಡಿ ಅಂತಾರೆ. ನಿಜವಾಗ್ಲೂ ಕೆಲಸ ಮಾಡೋದು ಯಾವ್ದು? ಗೊತ್ತಿರೋರು ದಯವಿಟ್ಟು ಹೇಳಿ.

ಸ್ಪ್ಯಾನರ್_ಸೆಟ್:
ಸರ್, ವಾಸನೆ ಸೌಂಡು ಎಲ್ಲ ಪಕ್ಕಕ್ಕಿಡಿ, ಮೊದಲು ಗಾಡಿ ಕೆಳಗೆ ಮಲಗಿ ನೋಡಿ. ಇಲಿ ನುಗ್ಗೋಕೆ 6 ಮಿ.ಮೀ. ಸಂದಿ ಸಾಕು, ಪೆನ್ಸಿಲ್ ತೂರೋ ಕಡೆ ಅದೂ ತೂರುತ್ತೆ ಅಂತ ಇಟ್ಕೊಳ್ಳಿ. ಇಂಥ ಗಾಡಿ ಮಾಡುವಾಗ ನೀರಿನ ಪೈಪು, ಡ್ರೈನ್ ಪೈಪು, ಗ್ಯಾಸ್ ಪೈಪು, ವೈರಿಂಗ್ ಕಟ್ಟು ಇವೆಲ್ಲ ಇಳಿಯೋಕೆ ನೆಲದಲ್ಲಿ ತೂತು ಕೊರೆದಿರ್ತಾರೆ, ತೂತು ಪೈಪಿಗಿಂತ ದೊಡ್ಡದಿರುತ್ತೆ, ಸುತ್ತ ಉಳಿದ ಜಾಗವೇ ಅದರ ಬಾಗಿಲು. ಹಗಲಲ್ಲಿ ಕಾಣಲ್ಲ. ಕತ್ತಲಾದ ಮೇಲೆ ಒಬ್ರು ಒಳಗೆ ಕಬೋರ್ಡ್ ಒಂದೊಂದಾಗಿ ತೆಗೆದು ಮೂಲೆಮೂಲೆಗೆ ಟಾರ್ಚ್ ಬಿಡ್ಲಿ, ಇನ್ನೊಬ್ರು ಕೆಳಗೆ ಮಲಗಿರ್ಲಿ, ಎಲ್ಲಿ ಬೆಳಕು ಸೋರುತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಚಕ್ರದ ಮೇಲಿನ ಗೂಡು, ಹೊರಗಿಂದ ಕರೆಂಟ್ ಕೇಬಲ್ ಬರೋ ಡಬ್ಬಿ, ಬಾಗಿಲ ಕೆಳಗಿನ ರಬ್ಬರ್ ಇವನ್ನ ಮರೀಬೇಡಿ.

ಮುಚ್ಚೋಕೆ ಬರೀ ಫೋಮ್ ಹೊಡೆದ್ರೆ ಪ್ರಯೋಜನ ಇಲ್ಲ, ಕೊರೆದು ಬರುತ್ತೆ. ಅದರ ಮುಂದಿನ ಹಲ್ಲು ಜೀವಮಾನ ಪೂರ್ತಿ ಬೆಳೀತಾನೇ ಇರುತ್ತೆ, ಕಡಿಯೋದು ಬಿಡಲ್ಲ. ಸ್ಟೀಲ್ ನಾರು ಗಟ್ಟಿಯಾಗಿ ತುರುಕಿ ಮೇಲೆ ಸೀಲಂಟ್ ಹಾಕಿ. ಗಾಡಿ ಕೆಳಗೆ ನೀರು ಬೀಳೋ ಜಾಗಕ್ಕೆ ತಾಮ್ರದ ಜಾಲರಿ ಒಳ್ಳೇದು, ಸ್ಟೀಲ್ ನಾರು ತುಕ್ಕು ಹಿಡಿದು ಉದುರುತ್ತೆ. ವೈರ್ ಕಟ್ಟು ಇರೋ ಕಡೆ ಮಾತ್ರ ಲೋಹದ ನಾರನ್ನ ಇನ್ಸುಲೇಶನ್‌ಗೆ ಒತ್ತಿ ತುರುಕಬೇಡಿ, ಗಾಡಿ ಅಲುಗಾಡಿ ಉಜ್ಜಿ ಉಜ್ಜಿ ತಂತಿ ಬೆತ್ತಲಾಗುತ್ತೆ, ಅಲ್ಲಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರಿಸೋ ರಬ್ಬರ್ ಬಳೆ) ಹಾಕ್ಸಿ.

ಹಸಿರುದಾರಿ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ಒಳಗಿರೋ ಇಲಿ ಒಳಗೇ ಉಳಿದ್ರೆ ಹೊರಗೆ ಬರೋಕೆ ಎಲ್ಲಾನೂ ಕಡಿಯುತ್ತೆ, ಅದಕ್ಕೆ ತೂತು ಮುಚ್ಚೋ ದಿನವೇ ಸ್ಪ್ರಿಂಗ್ ಬೋನು ಇಡಿ. ಇಲಿ ಗೋಡೆ ಬದಿ ಹಿಡಿದೇ ಓಡಾಡೋದು, ಅದಕ್ಕೆ ತಿಂಡಿ ಸಿಕ್ಕಿಸೋ ತುದಿ ಗೋಡೆಗೆ ತಾಗೋ ಹಾಗೆ ಬೋನನ್ನ ಅಡ್ಡಡ್ಡ ಇಡಿ, ಕಡಲೆಕಾಯಿ ಬೆಣ್ಣೆ ಒಂಚೂರು ಸವರಿದ್ರೆ ಸಾಕು.

ಪಾಷಾಣ ದಯವಿಟ್ಟು ಬೇಡ. ತಿಂದ ಇಲಿ ಪ್ಯಾನೆಲ್ ಹಿಂದೆ ಹೋಗಿ ಸಾಯುತ್ತೆ, ಹುಡುಕಿ ತೆಗೆಯೋಕಾಗಲ್ಲ, ಹೊರಗೆ ಹೋಗಿ ಸತ್ರೆ ಗೂಬೆಯೋ ಬೆಕ್ಕೋ ಅದನ್ನ ತಿಂದು ಅವಕ್ಕೂ ವಿಷ ಏರುತ್ತೆ. ನುಸಿ ಗುಳಿಗೆ ಹಾಸಿಗೆಗೆ ಹತ್ತಿದ್ರೆ ಆ ವಾಸನೆಯಲ್ಲೇ ನೀವು ಮಲಗ್ಬೇಕು, ಆ ಹೊಗೆ ಮನುಷ್ಯರಿಗೆ ಒಳ್ಳೇದಲ್ಲ. ಪುದೀನ ವಾಸನೆ ಬೇಗ ಹಾರಿ ಹೋಗುತ್ತೆ. ಸೌಂಡ್ ಮಷೀನಿಗೆ ಇಲಿ ಒಗ್ಗಿಕೊಳ್ಳುತ್ತೆ, ಸಾಲದ್ದಕ್ಕೆ ಆ ಸೌಂಡು ಕಬೋರ್ಡ್ ಬಾಗಿಲು ದಾಟಲ್ಲ.

ಒಳಗಿನ ತಿನ್ನೋ ಸಾಮಾನೆಲ್ಲ ಇಳಿಸಿ, ಸೋಪು ಮೇಣದಬತ್ತಿ ಸಮೇತ. ಹೊದಿಕೆ ದಿಂಬು ಟಿಶ್ಯೂ ಕೂಡ ಇಳಿಸಿ, ಗೂಡು ಕಟ್ಟೋದು ಅದರಲ್ಲೇ. ಮತ್ತೆ ವಾರ ಹತ್ತು ದಿನಕ್ಕೊಮ್ಮೆ ಹೋಗಿ ನೋಡಿ, ಗಬ್ಬ ಕಟ್ಟಿ ಮೂರು ವಾರಕ್ಕೆ ಮರಿ ಹಾಕುತ್ತೆ, ಒಂದು ಸಲಕ್ಕೆ ಐದಾರು.

ಡೆಟಾಲ್_ಅಕ್ಕ:
ಯಾರೂ ಹೇಳಿಲ್ಲ ಅಂತ ಹೇಳ್ತಿದೀನಿ, ಆ ಹಿಕ್ಕೆನ ಒಣಗಿದ್ದು ಒಣಗಿದ ಹಾಗೆ ಗುಡಿಸಬೇಡಿ, ವ್ಯಾಕ್ಯೂಮ್ ಅಂತೂ ಹಾಕಲೇಬೇಡಿ. ಇಲಿ ಹಿಕ್ಕೆ ಉಚ್ಚೆಯ ಧೂಳು ಉಸಿರಲ್ಲಿ ಹೋದ್ರೆ ಹಂಟಾ ವೈರಸ್‌ನಂಥ ಕಾಯಿಲೆ ಬರಬಹುದು, ಇಲಿ ಜ್ವರದ ಸೋಂಕೂ ಉಚ್ಚೆಯಿಂದಾನೇ. ಬಾಗಿಲು ಕಿಟಕಿ ತೆಗೆದು ಅರ್ಧ ಗಂಟೆ ಗಾಳಿ ಆಡೋಕೆ ಬಿಡಿ, ನೀವು ಆಚೆ ಇರಿ. ಆಮೇಲೆ ಗ್ಲೌಸು ಹಾಕ್ಕೊಂಡು ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಕಲಸಿ ಚೆನ್ನಾಗಿ ನೆನೆಯೋ ಹಾಗೆ ಸ್ಪ್ರೇ ಮಾಡಿ, 5 ನಿಮಿಷ ಬಿಟ್ಟು ಪೇಪರಲ್ಲಿ ಒರೆಸಿ ಕವರಲ್ಲಿ ಕಟ್ಟಿ ಬಿಸಾಕಿ. ಎಸಿ ಬ್ಲೋವರ್ ಹಾಕೋ ಮುಂಚೆ ಕ್ಯಾಬಿನ್ ಫಿಲ್ಟರ್ ಬಿಚ್ಚಿ ನೋಡಿ, ಅದರ ಮೇಲೇ ಗೂಡು ಇರೋದುಂಟು, ಸ್ವಿಚ್ ಹಾಕಿದ ತಕ್ಷಣ ಎಲ್ಲ ಮುಖಕ್ಕೇ ಬರುತ್ತೆ.

ಅಲೆಮಾರಿ_ವ್ಯಾನ್:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಟಾರ್ಚ್ ಹಾಕಿ ನೋಡಿದ್ವಿ, ಸಿಂಕ್ ಡ್ರೈನ್ ಸುತ್ತ ಎರಡು ಬೆರಳಷ್ಟು ಸಂದಿ! ಒಂದು ಡೌಟು, ಗ್ಯಾಸ್ ಸಿಲಿಂಡರ್ ಡಬ್ಬಿಯ ತಳದಲ್ಲೂ ತೂತಿದೆ, ಫ್ರಿಜ್ ಹಿಂದೆ ಜಾಲಿನೂ ಇದೆ, ಅವನ್ನೂ ಸೀಲ್ ಮಾಡ್ಬಿಡ್ಲಾ?

ಸ್ಪ್ಯಾನರ್_ಸೆಟ್:
ಬೇಡ ಸರ್, ಅವೆರಡನ್ನ ಯಾವ ಕಾರಣಕ್ಕೂ ಮುಚ್ಚಬೇಡಿ! ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ತಳಕ್ಕೆ ಇಳಿದು ಹೊರಗೆ ಹೋಗ್ಲಿ ಅಂತಾನೇ ಆ ತೂತು ಬಿಟ್ಟಿರೋದು. ಅಲ್ಲಿಗೆ 6 ಮಿ.ಮೀ.ಗಿಂತ ಸಣ್ಣ ಕಣ್ಣಿನ ಗಟ್ಟಿ ತಂತಿ ಜಾಲರಿ ಸ್ಕ್ರೂ ಹಾಕಿ ಬಿಗಿಸಿ, ಫ್ರಿಜ್ ಹಿಂದಕ್ಕೂ ಅದೇ. ಸೊಳ್ಳೆ ಪರದೆಯಷ್ಟು ನುಣ್ಣಗಿರೋದು ಹಾಕಿದ್ರೆ ಧೂಳು ಕೂತು ಗಾಳಿ ನಿಂತುಹೋಗುತ್ತೆ. ಹೀಟರ್ ಹೊಗೆ ಕೊಳವೆ ಇದ್ರೆ ಅದಕ್ಕೆ ಕಂಪನಿಯವರೇ ಕೊಡೋ ಜಾಲರಿ ಬಿಟ್ಟು ಬೇರೇನೂ ಹಾಕಬೇಡಿ, ಹೊಗೆ ವಾಪಸ್ ಒಳಗೆ ತಿರುಗಿದ್ರೆ ಮಲಗಿದವರ ಜೀವಕ್ಕೇ ಅಪಾಯ. ಸಿಂಕ್ ಡ್ರೈನ್ ಸಂದಿ ಮಾತ್ರ ಇವತ್ತೇ ಮುಚ್ಚಿ.