ಔಟ್‌ಬೋರ್ಡ್ ಇಂಜಿನ್‌ಗೆ 7 ನಂಬರ್ ಸ್ಪಾರ್ಕ್ ಪ್ಲಗ್ ಬದ್ಲು 6 ಹಾಕಿದ್ರೆ ಆಗ್ತದಾ?

ಪಡುಕರೆ ದೋಣಿ:
ನಮ್ಮ ನಾಡದೋಣಿಗೆ 9.9 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗೆ ಕಟ್ಟುವ ಇಂಜಿನ್), ಎರಡು ಸಿಲಿಂಡರಿಂದು, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ಹಾಕುದು. ಈಗೀಗ ಪ್ಲಗ್ ಬೇಗ ಕಪ್ಪಾಗ್ತದೆ, ಬಲೆ ಬಿಡುವಾಗ ನಿಧಾನ ಓಡಿಸಿದ್ರೆ ಮಿಸ್ ಹೊಡಿತದೆ. ಹಳೆ ಪ್ಲಗ್ ಮೇಲೆ ಬಿ7ಎಚ್‌ಎಸ್-10 ಅಂತ ಉಂಟು. ಅಂಗಡಿಯಲ್ಲಿ ಅದಿಲ್ಲ ಅಂತ ಬಿಪಿಆರ್6ಇಎಸ್ ಕೊಟ್ಟಿದ್ದಾರೆ, ಥ್ರೆಡ್ ಒಂದೇ, 6 ಅಂದ್ರೆ ಹಾಟ್ ಪ್ಲಗ್, ಕಪ್ಪಾಗುದಿಲ್ಲ ಅಂದ್ರು. ಇನ್ನೂ ಹಾಕ್ಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ರಜೆ, ನಮಗೆ ಅದೇ ಸೀಸನ್, ಅಳಿವೆ ದಾಟುವಾಗ ಇಂಜಿನ್ ಬಂದ್ ಬಿದ್ರೆ ದೋಣಿ ತೆರೆಗೆ ಅಡ್ಡ ತಿರುಗ್ತದೆ, ಅದೇ ಹೆದರಿಕೆ. ಗೊತ್ತಿದ್ದವರು ಹೇಳಿ.

ಗಂಗೊಳ್ಳಿ ತೀರ:
6 ಹಾಕಿ, ಎಂತ ಆಗುದಿಲ್ಲ. ನಾವು ಬಿ6ಎಚ್‌ಎಸ್ ಹಾಕಿಯೇ ಹೋಗುದು.

ಬೆಂಗರೆ ಮೆಕ್ಯಾನಿಕ್:
ಅಣ್ಣ, ಆ ಬಿಪಿಆರ್6ಇಎಸ್ ದಯವಿಟ್ಟು ಹಾಕ್ಬೇಡಿ. ಗಂಗೊಳ್ಳಿಯವರು ಹೇಳಿದ್ದು ಎಚ್ ಇರುವ 6, ನಿಮಗೆ ಕೊಟ್ಟದ್ದು ಇ ಇರುವ 6, ಎರಡೂ ಬೇರೆ ಬೇರೆ. ಎಚ್ ಅಂದ್ರೆ ಥ್ರೆಡ್ ಉದ್ದ 12.7 ಎಂಎಂ, ಇ ಅಂದ್ರೆ 19 ಎಂಎಂ. ದಪ್ಪ ಎರಡೂ 14 ಎಂಎಂ ಆದ ಕಾರಣ ಕೈಯಲ್ಲಿ ತಿರುಗಿಸಿದ್ರೆ ಚಂದ ಕೂತ್ಕೊಳ್ತದೆ, ಆದ್ರೆ ಆರು ಎಂಎಂಗಿಂತ ಜಾಸ್ತಿ ಒಳಗೆ ಇಳಿದು ಪಿಸ್ಟನ್‌ಗೆ ಬಡೀಬಹುದು. ಬಡೀದಿದ್ರೂ ಒಳಗೆ ಇಣುಕಿದ ಥ್ರೆಡ್ಡಿಗೆ ಮಸಿ ಕಚ್ಚಿ, ಬಿಚ್ಚುವಾಗ ಹೆಡ್ಡಿನ ಥ್ರೆಡ್ಡೂ ಒಟ್ಟಿಗೆ ಕಿತ್ತು ಬರ್ತದೆ. ಎರಡು ಪ್ಲಗ್ ಪಕ್ಕ ಪಕ್ಕ ಹಿಡಿದು ನೋಡಿ, ಕಣ್ಣಿಗೇ ಕಾಣ್ತದೆ.

ಇನ್ನು ಹಾಟ್ ಪ್ಲಗ್ ವಿಷಯ. ನಿಮ್ಮ ಪ್ಲಗ್ ಎನ್‌ಜಿಕೆ ಕಂಪನಿದ್ದು, ಅದರಲ್ಲಿ ನಂಬರ್ ಇಳಿದ ಹಾಗೆ ಹಾಟ್, ಏರಿದ ಹಾಗೆ ಕೋಲ್ಡ್, ಬಾಷ್ ಮತ್ತು ಚಾಂಪಿಯನ್‌ನಲ್ಲಿ ಉಲ್ಟಾ. ಹಾಟ್ ಅಂದ್ರೆ ಸ್ಪಾರ್ಕ್ ಜೋರು ಅಂತಲ್ಲ, ತುದಿಯ ಬಿಸಿ ಬೇಗ ಹೆಡ್ಡಿಗೆ ಇಳಿಯುದಿಲ್ಲ ಅಂತ ಅಷ್ಟೇ. ತುದಿ ಸುಮಾರು 450–500 ಡಿಗ್ರಿ ದಾಟಿದ್ರೆ ಮಸಿ ತಾನೇ ಉರಿದು ಹೋಗ್ತದೆ, ನಿಧಾನ ಓಡುವಾಗ ಅಷ್ಟು ಬಿಸಿ ಆಗುದಿಲ್ಲ. ಹಾಗಂತ 6 ಹಾಕಿ, ಮೀನು ತುಂಬಿಸಿ ಫುಲ್ ಥ್ರಾಟಲ್‌ನಲ್ಲಿ ಬಂದ್ರೆ ತುದಿ ಕೆಂಡ ಆಗಿ ಸ್ಪಾರ್ಕ್ ಬರುವ ಮೊದಲೇ ಬೆಂಕಿ ಹತ್ತಿ ಪಿಸ್ಟನ್ ತೂತಾಗುವ ಛಾನ್ಸ್ ಉಂಟು, ಸೀಮೆಎಣ್ಣೆಗೆ ಆಕ್ಟೇನ್ ಬೇರೆ ಕಮ್ಮಿ. ಗಂಗೊಳ್ಳಿಯವರದ್ದು ಸೀಮೆಎಣ್ಣೆ ಮಾಡೆಲ್ ಆಗಿ ಬುಕ್ಕಲ್ಲೇ 6 ಇದ್ರೆ ಅವರಿಗೆ ಅದು ಸರಿ. ನೀವು ನಿಮ್ಮ ಇಂಜಿನಿನ ಬುಕ್ ನೋಡಿ, ಅದರಲ್ಲಿ ಇದ್ದದ್ದನ್ನೇ ಹಾಕಿ.

ನನಗೆ ಕಾಣುದು ನಿಮ್ಮಲ್ಲಿ ತೊಂದರೆ ಪ್ಲಗ್ಗಿಂದಲ್ಲ. ಇಂಜಿನ್ ಸರಿ ಬಿಸಿ ಆಗುವ ಮೊದಲೇ ಸೀಮೆಎಣ್ಣೆಗೆ ತಿರುಗಿಸ್ತೀರಾ? ದಡಕ್ಕೆ ಬಂದು ಬಂದ್ ಮಾಡುವ ಮೊದಲು ಪೆಟ್ರೋಲ್‌ಗೆ ಹಾಕಿ ಸ್ವಲ್ಪ ಹೊತ್ತು ಓಡಿಸ್ತೀರಾ? ಇಲ್ಲದಿದ್ರೆ ಕಾರ್ಬುರೇಟರಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಬೆಳಿಗ್ಗೆ ಪ್ಲಗ್ ಒದ್ದೆ. ಆಯಿಲ್ ಟಿಸಿ-ಡಬ್ಲ್ಯೂ3 (ನೀರಲ್ಲಿ ತಣಿಯುವ ಟೂ ಸ್ಟ್ರೋಕ್ ಇಂಜಿನಿಂದು) ಅಂತ ಬರೆದದ್ದೇ ತಗೊಳ್ಳಿ, ಅಳತೆ ಮಾಡಿ ಹಾಕಿ, ಅಂದಾಜಲ್ಲಿ ಸುರಿದ್ರೆ ಯಾವ ಪ್ಲಗ್ಗೂ ಬಾಳುದಿಲ್ಲ.

ಪಡುಕರೆ ದೋಣಿ:
ಥ್ಯಾಂಕ್ಸ್ ಅಣ್ಣ, ಪಕ್ಕ ಹಿಡಿದು ನೋಡಿದೆ, ಉದ್ದ ಹೌದು, ವಾಪಸ್ ಕೊಡ್ತೇನೆ. ಪೆಟ್ರೋಲ್‌ಗೆ ಹಾಕಿಯೇ ಬಂದ್ ಮಾಡುದು. ಒಂದು ಹೇಳ್ಲಿಕ್ಕೆ ಬಿಟ್ಟೆ, ಕೆಳಗಿನ ಸಿಲಿಂಡರಿಂದು ಮಾತ್ರ ಕಪ್ಪು ಮತ್ತು ಒದ್ದೆ, ಮೇಲಿನದ್ದು ಕಾಫಿ ಬಣ್ಣ.

ಬೆಂಗರೆ ಮೆಕ್ಯಾನಿಕ್:
ಹಾಗಾದ್ರೆ ಮೇಲಿನದ್ದು ಸರಿ ಉಂಟು, ಆ ಬಣ್ಣವೇ ಬೇಕಾದದ್ದು. ಎರಡನ್ನೂ ಕ್ಲೀನ್ ಮಾಡಿ ಅದಲು ಬದಲು ಹಾಕಿ ಒಮ್ಮೆ ಓಡಿಸಿ. ಒದ್ದೆ ಪ್ಲಗ್ಗಿನ ಜೊತೆ ಮೇಲೆ ಹೋದ್ರೆ ಪ್ಲಗ್ ಹೋಗಿದೆ. ಕೆಳಗೇ ಉಳಿದ್ರೆ ಆ ಸಿಲಿಂಡರಿನ ಕ್ಯಾಪ್, ವಯರ್, ಕಾಯಿಲ್ ನೋಡಿ, ಉಪ್ಪುನೀರಿಗೆ ಕ್ಯಾಪ್ ಒಳಗೆ ಹಸಿರು ಹಿಡಿದಿರ್ತದೆ. ಹೊಸ ಪ್ಲಗ್ ಹಾಕುವಾಗ ತುದಿಯ ಗ್ಯಾಪ್ 1 ಎಂಎಂ, ಆ -10 ಅಂದ್ರೆ ಅದೇ. ಕೈಯಲ್ಲಿ ಪೂರ್ತಿ ಕೂರಿಸಿ ಮತ್ತೆ ಪಾನದಲ್ಲಿ (ಸ್ಪ್ಯಾನರ್) ಅರ್ಧ ಸುತ್ತಿಗಿಂತ ಚೂರು ಜಾಸ್ತಿ, ಸಾಕು. ಒಂದು ಜೊತೆ ಪ್ಲಗ್ಗು, ಪಾನ, ಒಣ ಬಟ್ಟೆ ಡಬ್ಬದಲ್ಲಿ ಹಾಕಿ ದೋಣಿಯಲ್ಲೇ ಇಡಿ. ಬದಲು ಮಾಡಿ ನೋಡಿ ಎಂತಾಯ್ತು ಹೇಳಿ.